ಆರುನೂರ ನಲವತ್ತು ರೂಪಾಯಿಯ ಊಟ

ಕಳ್ಳ ಮಾಂಸದೂಟ ಮಾಡಿದ್ದ. ಅದೂ ಬೆನಕಪ್ಪನ ಬ್ಯಾಂಕ್ ಕಾರ್ಡಿನಲ್ಲಿ.

ಶನಿವಾರ ಸಂಜೆ ಬೆನಕಪ್ಪ ನ್ಯಾಮತಿಯ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ನಿರ್ಮಲಮ್ಮ ಮೊಬೈಲನ್ನು ಅವನ ಮೂಗಿಗೇ ಹಿಡಿದಳು. ಖಾತೆ ತೆರೆಯುವಾಗ ಕೊಟ್ಟ ನಂಬರು ಅವಳದು. ಬ್ಯಾಂಕಿನ ಸಂದೇಶವೆಲ್ಲ ಅವಳಿಗೇ ಬರುವುದು. ಓಬಳಪ್ಪ ಮಿಲಿಟರಿ ಹೋಟೆಲ್, ಹೊನ್ನಾಳಿ, ಆರುನೂರ ನಲವತ್ತು ರೂಪಾಯಿ.

"ನೀವು ಚನ್ನಗಿರಿಗೆ ಹೋಗಿದ್ರಿ ಅಲ್ವೇನ್ರೀ?"

"ಚನ್ನಗಿರೀಲೇ ಇದ್ದೆ. ಯಾರೋ ಕಾರ್ಡು ನಕಲು ಮಾಡ್ಯಾರೆ ನೋಡು," ಎಂದ ಬೆನಕಪ್ಪ.

ನಂಬುವಂಥ ಮಾತೇ. ಬೆನಕಪ್ಪ ಅಡಿಕೆ ಸುಲಿಯುವ, ಮೆಕ್ಕೆಜೋಳ ಬಿಡಿಸುವ ಯಂತ್ರಗಳ ಏಜೆಂಟು. ಇವತ್ತು ಚನ್ನಗಿರಿ, ನಾಳೆ ಜಗಳೂರು. ವಾರದಲ್ಲಿ ಐದು ದಿನ ಬಸ್ಸಿನಲ್ಲೇ ಸಂಸಾರ. ಹೀಗೆ ಊರೂರು ಸುತ್ತುವವನ ಕಾರ್ಡು ಎಲ್ಲಿ ಯಾರ ಕೈಗೆ ಸಿಕ್ಕಿತೋ ಏನು ಕಥೆಯೋ. ನಿರ್ಮಲಮ್ಮ ನಂಬಿದಳು. ನಂಬಿದ್ದಷ್ಟೇ ಅಲ್ಲ, ಸೋಮವಾರ ಬೆಳಿಗ್ಗೆಯೇ ಬ್ಯಾಂಕಿಗೆ ಹೋಗಿ ದೂರು ಕೊಡೋಣ, ಆ ಪಾಪಿಯನ್ನು ಹಿಡಿಸೋಣ ಎಂದು ಟೊಂಕ ಕಟ್ಟಿ ನಿಂತಳು.

ಆ ಪಾಪಿ ಬೇರೆ ಯಾರೂ ಅಲ್ಲ, ಬೆನಕಪ್ಪನೇ. ತಿರುಗಾಟದ ನೆಪದಲ್ಲಿ ಹನ್ನೆರಡು ವರ್ಷಗಳಿಂದ ಕೈಮಾ ಉಂಡೆ ತಿಂದು, ಏಲಕ್ಕಿ ಅಗಿದು ಮನೆ ಸೇರುತ್ತಿದ್ದ ಆಸಾಮಿ. ಯಾವತ್ತೂ ನಗದು ಕೊಡುತ್ತಿದ್ದ. ಆ ಶನಿವಾರ ಮಾತ್ರ ಜೇಬಿನಲ್ಲಿ ನೋಟಿರಲಿಲ್ಲ, ಸಂದೇಶ ಹೆಂಡತಿಗೆ ಹೋಗುವುದು ನೆನಪಾಗಲಿಲ್ಲ. ಕಾರ್ಡು ಮುಟ್ಟಿಸಿದ, ಯಂತ್ರ ಕುಂಯ್ ಎಂದಿತು, ಗ್ರಹಚಾರ ಶುರುವಾಯಿತು.

ನಿರ್ಮಲಮ್ಮನೋ, ಮೊಟ್ಟೆಯ ಚಿತ್ರವಿದೆಯೆಂದು ಕೋಳಿ ಫಾರಂನವರು ಕೊಟ್ಟ ಕ್ಯಾಲೆಂಡರನ್ನೇ ಗೋಡೆಗೆ ಹಾಕಗೊಡದವಳು. ಹಿಂದೊಮ್ಮೆ ಗಂಡನ ಅಂಗಿಯ ಜೇಬಿನಲ್ಲಿ ಎಗ್ ಪಫ್ಸ್‌ನ ಚೂರು ಸಿಕ್ಕಿದ್ದಕ್ಕೆ ತವರಿಗೆ ಹೋದವಳು ಒಂದೂವರೆ ತಿಂಗಳು ಬಂದಿರಲಿಲ್ಲ. ಇನ್ನೊಂದು ಸಲ ಇಂಥದ್ದು ಕಂಡರೆ ಹೋದವಳು ಹೋದಂತೆಯೇ ಎಂದು ಹೇಳಿಯೇ ಒಳಗೆ ಕಾಲಿಟ್ಟಿದ್ದಳು. ಬೆನಕಪ್ಪನಿಗೆ ಹೆಂಡತಿಯೆಂದರೆ ಪ್ರಾಣ. ಕೈಮಾ ಏನಿದ್ದರೂ ಆಮೇಲೆ.

ಬ್ಯಾಂಕಿನ ಮ್ಯಾನೇಜರ್ ಶೈಲಾ ಚುರುಕಿನ ಹೆಣ್ಣುಮಗಳು. ಕಾರ್ಡನ್ನು ನಿಲ್ಲಿಸಿದಳು, ದೂರನ್ನು ಕಂಪ್ಯೂಟರಿಗೆ ಹತ್ತಿಸಿದಳು. ಪಕ್ಕದಲ್ಲಿ ನಿರ್ಮಲಮ್ಮನ ತನಿಖೆ ಬೇರೆ ನಡೆದಿತ್ತು. ಒಬ್ಬನೇ ಎಷ್ಟು ಕತ್ತರಿಸಿದರೂ ಅಲ್ಲಿ ನಾನೂರು ದಾಟುವುದಿಲ್ಲ, ಈ ಕಳ್ಳನ ಜೊತೆಗೆ ಇನ್ನೊಬ್ಬ ಇದ್ದಾನೆ, ಬರೆದುಕೊಳ್ಳಿ ಎಂದಳು. ಬೆನಕಪ್ಪನಿಗೆ ಸ್ವಲ್ಪ ಅವಮಾನವೇ ಆಯಿತು. ಎರಡನೇ ಪ್ಲೇಟು ಕೈಮಾ ಹೇಳಿದ್ದು ಅವನೇ.

"ಚಿಂತೆ ಮಾಡಬೇಡಿ," ಎಂದಳು ಶೈಲಾ. "ಹೋಟೆಲಿನ ಸಿಸಿಟಿವಿ ತರಿಸ್ತೀವಿ, ಒಂದು ತಿಂಗಳದ್ದು. ಗುರುವಾರ ಇಬ್ರೂ ಬನ್ನಿ, ಕೂತು ಒಂದೊಂದೇ ಮುಖ ನೋಡೋಣ."

ಬೆನಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಷ್ಟರಲ್ಲಿ ನಿರ್ಮಲಮ್ಮ, ಅಲ್ಲಿಯವರೆಗೆ ಕಳ್ಳನ ಕೈ ಮುರಿಯಬೇಕೆಂದು ಕೂತಿದ್ದವಳು, ಇದ್ದಕ್ಕಿದ್ದಂತೆ ಮೆತ್ತಗಾದಳು.

"ಹೋಗ್ಲಿ ಬಿಡ್ರಿ ಮೇಡಂ. ಯಾರೋ ಹಸಿದೋನು ಉಂಡಾನೆ. ಉಣ್ಣೋ ವಿಷಯಕ್ಕೆ ಇಷ್ಟೆಲ್ಲ ಯಾಕೆ?"

ದೂರು ಈಗಾಗಲೇ ಮೇಲಿನ ಕಚೇರಿಗೆ ಹೋಗಿದೆ, ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದುಬಿಟ್ಟಳು ಶೈಲಾ. ಮನೆಗೆ ಬಂದವಳೇ ಮಂಡಿನೋವು ಜಾಸ್ತಿಯಾಯಿತೆಂದು ನಿರ್ಮಲಮ್ಮ ಹೊನ್ನಾಳಿಯ ಬಸ್ಸು ಹತ್ತಿದಳು. ಪ್ರತಿ ಬುಧವಾರ ಅವಳು ಔಷಧಿ ತರುವುದು ಅಲ್ಲಿಂದಲೇ. ಬೆನಕಪ್ಪ ಒಬ್ಬನೇ ಕೂತು, ಪರದೆಯ ಮೇಲೆ ತಾನು ಮೂಳೆ ಚೀಪುವುದನ್ನು ಹೆಂಡತಿ ನೋಡುವ ದೃಶ್ಯವನ್ನು ನೆನೆದು ನೆನೆದು ಬೆವರಿದ.

ಮಾರನೆಯ ದಿನ ಜಗಳೂರಿನಲ್ಲಿ ಯಂತ್ರ ಕೆಟ್ಟಿದೆಯೆಂದು ಸುಳ್ಳು ಹೇಳಿ ಸೀದಾ ಹೊನ್ನಾಳಿಗೆ ಹೋದ. ಓಬಳಪ್ಪ ಗಲ್ಲಾದಲ್ಲಿ ಕೂತಿದ್ದ. ಬೆನಕಪ್ಪ ಮಾನ ಮರ್ಯಾದೆ ಬಿಟ್ಟು ಎಲ್ಲವನ್ನೂ ಹೇಳಿಕೊಂಡ. ಬ್ಯಾಂಕಿನವರು ಬರುವ ಮೊದಲೇ ಕ್ಯಾಮೆರಾದಲ್ಲಿರುವುದನ್ನು ಅಳಿಸಿಬಿಡಪ್ಪಾ, ನನ್ನ ಸಂಸಾರ ಉಳಿಸು ಎಂದು ಕೈಮುಗಿದ.

ಓಬಳಪ್ಪ ನಕ್ಕ. "ಏನ್ ಯಜಮಾನ್ರೆ, ಊರಿಗೂರೇ ಅಳಿಸಾಕೆ ಬರ್ತೀರಲ್ರೀ. ನಿನ್ನೆ ಸಂಜೆ ನಿಮ್ಮ ನ್ಯಾಮತಿಯ ನಿರ್ಮಲಮ್ಮ ಅನ್ನೋರು ಬಂದು, ಹಿಂಗೇ ಕೈಮುಗಿದು ಅಳಿಸಿ ಹೋದ್ರು."

ಬೆನಕಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದ. ಹಾಗಾದರೆ ಅವಳಿಗೆ ಗೊತ್ತಾಗಿತ್ತು. ಬ್ಯಾಂಕಿನಲ್ಲಿ ಗಂಡನ ಮುಖ ಕಂಡೇ ಎಲ್ಲವನ್ನೂ ತಿಳಿದುಕೊಂಡಿದ್ದಳು. ಒಂದು ಮಾತೂ ಆಡದೆ, ಗಂಡನ ಮಾನ ಉಳಿಸಲು, ಜನ್ಮದಲ್ಲಿ ತುಳಿಯದ ಹೊಸ್ತಿಲನ್ನು ಮೂಗಿಗೆ ಸೆರಗು ಹಿಡಿದು ತುಳಿದಿದ್ದಳು ಮಹಾತಾಯಿ! ಬೆನಕಪ್ಪನಿಗೆ ಅಳು ತಡೆಯಲಾಗಲಿಲ್ಲ. ಇನ್ನು ಈ ಜನ್ಮದಲ್ಲಿ ಮಾಂಸ ಮುಟ್ಟಿದರೆ ಕೇಳು ಎಂದು ಓಬಳಪ್ಪನ ಎದುರಿಗೇ ಆಣೆ ಇಟ್ಟ. ಕಣ್ಣೊರೆಸಿಕೊಂಡು, ಶನಿವಾರದ್ದು ಒಂದು ಚೂರೂ ಉಳಿದಿಲ್ಲ ತಾನೇ ಎಂದು ಕೇಳಿದ.

"ನಿಮ್ಮ ಶನಿವಾರದ್ದು ಹಂಗೇ ಐತ್ರೀ," ಎಂದ ಓಬಳಪ್ಪ. "ಆಯಮ್ಮ ಅಳಿಸಿದ್ದು ನಾಲ್ಕು ಬುಧವಾರದ್ದು, ತಾನೇ ಕೂತು ನಾಟಿಕೋಳಿ ಉಂಡಿದ್ದು."