ಸೊಟ್ಟ ಗೋಡೆ

"ನೇರ ಕಟ್ಟಿದರೆ ಕಲ್ಲೂ ಉಳಿಯುತ್ತದೆ, ನೋಡಲಿಕ್ಕೂ ಚಂದ ಗುರಿಕಾರರೇ," ಎಂದ ಭುಜಂಗ ಮೇಸ್ತ್ರಿ.

"ಸೊಟ್ಟಗೇ ಕಟ್ಟು," ಎಂದರು ಅಲೆಕ್ಸಾಂಡರ್.

ಭುಜಂಗ ನೇರಕ್ಕೆ ಎಳೆದು ಕಟ್ಟಿದ್ದ ದಾರ ಬಿಚ್ಚಿದ. ಗುರಿಕಾರರೆಂದರೆ ಇಗರ್ಜಿಗೆ, ಅಂದರೆ ಊರಿನ ಚರ್ಚಿಗೆ, ಸೇರಿದ ಅಷ್ಟೂ ಮನೆಗಳ ಮುಂದಾಳು. ಅವರ ಮಾತಿಗೆ ಎದುರಾಡುವ ಗಂಡಸು ಬೆಳ್ಮಣ್ಣಿನ ಆಚೆಗಿನ ಆ ಊರಲ್ಲಿ ಇರಲಿಲ್ಲ. ಗೋರಿಗಳು ಹೆಚ್ಚಿ ಜಾಗ ಸಾಲದೆ, ೧೯೭೮ರ ಬೇಸಿಗೆಯಲ್ಲಿ ಇಗರ್ಜಿಯವರು ಸ್ಮಶಾನವನ್ನು ದೊಡ್ಡದು ಮಾಡುತ್ತಿದ್ದರು. ಹೊಸ ಗೋಡೆ ನೇರ ಬಂದರೆ, ಹಳೆಯ ಗೋಡೆಯ ಹೊರಗಿದ್ದ ಒಂದು ಪುಟ್ಟ ಮಣ್ಣಿನ ದಿಬ್ಬ ಒಳಗೆ ಸೇರಿಬಿಡುತ್ತಿತ್ತು. ಅದು ಮಾತ್ರ ಆಗಕೂಡದು ಎಂದು ಅಲೆಕ್ಸಾಂಡರ್ ಹಟ ಹಿಡಿದಿದ್ದರು. ಆ ದಿಬ್ಬದಡಿ ಮಲಗಿದ್ದುದು ಅವರದೇ ಮೊಮ್ಮಗ.

ಹಿಲ್ಡಾ ಅವರ ಒಬ್ಬಳೇ ಮಗಳು. ಮಣಿಪಾಲದಲ್ಲಿ ಓದುವಾಗ ಅವಳು ಮನಸ್ಸು ಕೊಟ್ಟದ್ದು ಭೌತಶಾಸ್ತ್ರದ ಮೇಷ್ಟ್ರು ಹೃಷೀಕೇಶನಿಗೆ. ಕಡಿಯಾಳಿಯ ವೈದಿಕರ ಮನೆಯಲ್ಲಿ ಹುಟ್ಟಿ, ಜನಿವಾರ ಕಿತ್ತು ಬಿಸಾಡಿ, ದೇವರೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಆಸಾಮಿ. ಅವನು ಬರೀ ಹಿಂದೂ ಆಗಿದ್ದಿದ್ದರೆ ಅಲೆಕ್ಸಾಂಡರ್ ಹೇಗೋ ಸಹಿಸುತ್ತಿದ್ದರೇನೋ. ಹೆಣ್ಣು ಕೇಳಲು ಬಂದವನು ಅವರದೇ ಜಗಲಿಯಲ್ಲಿ ಕೂತು ವಾದಕ್ಕಿಳಿದ. ಬದುಕಿಗೆ ಅರ್ಥ ಮೇಲಿಂದ ಇಳಿದು ಬರುವುದಿಲ್ಲವಂತೆ, ಬದುಕುವವನೇ ಅದನ್ನು ಮಾಡಿಕೊಳ್ಳಬೇಕಂತೆ. ಹಾಗಾದರೆ ನಾಯಿಯ ಬದುಕಿಗೂ ಮನುಷ್ಯನ ಬದುಕಿಗೂ ಎಂತ ವ್ಯತ್ಯಾಸ ಎಂದು ಇವರು ಕೇಳಿದರು. ನಾಯಿಗೆ ಸ್ವರ್ಗದ ಆಸೆ ಇಲ್ಲ, ಅಷ್ಟೇ ಎಂದು ಅವನು ನಕ್ಕ. ಪವಿತ್ರ ಮಣ್ಣು, ಅಪವಿತ್ರ ಮಣ್ಣು ಎಂದೆಲ್ಲ ಇಲ್ಲ, ಮಣ್ಣೆಲ್ಲ ಒಂದೇ ಎಂದೂ ಸೇರಿಸಿದ. ಆ ನಗೆ ಅಲೆಕ್ಸಾಂಡರರ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಮದುವೆ ಉಡುಪಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಿತು. ಅಪ್ಪ ಹೋಗಲಿಲ್ಲ. ಮರುವರ್ಷ ಮಣಿಪಾಲದ ಆಸ್ಪತ್ರೆಯಿಂದ ಜನ ಬಂತು. ಹೆರಿಗೆ ಕಷ್ಟವಾಗಿದೆ, ಹಿಲ್ಡಾ ಉಳಿಯುವುದು ಅನುಮಾನ, ಅಪ್ಪ ಫಾದರನ್ನು ಕರೆದುಕೊಂಡು ಬರಲಿ ಎಂದು ಕೈಮುಗಿದು ಕೇಳುತ್ತಿದ್ದಾಳೆ ಎಂದರು. ನಾಸ್ತಿಕನನ್ನು ನಂಬಿ ಹೋದವಳನ್ನು ನಾಸ್ತಿಕನೇ ನೋಡಿಕೊಳ್ಳಲಿ ಎಂದು ಹೇಳಿ ಅಲೆಕ್ಸಾಂಡರ್ ಬಾಗಿಲು ಹಾಕಿಕೊಂಡರು. ಫಾದರಿಗೆ ಸುದ್ದಿಯನ್ನೂ ಮುಟ್ಟಿಸಲಿಲ್ಲ. ತಾಯಿ, ಮಗು ಇಬ್ಬರೂ ಹೋದರು.

ತನ್ನ ಮೇಲೆ ಬರಬೇಕಾಗಿದ್ದ ಸಿಟ್ಟನ್ನು ಅವರು ಅಳಿಯನ ಮೇಲೆ ಹೊರಿಸಿದರು. ಮಗಳನ್ನು ಕಿತ್ತುಕೊಂಡವನು, ಕೊಂದವನು, ಎಲ್ಲವೂ ಅವನೇ.

ಫಾದರ್ ಒಳ್ಳೆಯವರು. ಎರಡು ಪೆಟ್ಟಿಗೆಗಳನ್ನೂ ಒಂದೇ ಗುಂಡಿಯಲ್ಲಿ ಇಡೋಣ ಎಂದರು. ಅಲೆಕ್ಸಾಂಡರ್ ಅಡ್ಡ ನಿಂತರು. ಕ್ರೈಸ್ತನನ್ನಾಗಿ ಮಾಡುವ ಜ್ಞಾನಸ್ನಾನ ಆಗದ ಮಗು ಪವಿತ್ರ ಭೂಮಿಯಲ್ಲಿ ಮಲಗಕೂಡದು, ಅದು ಹಿಂದಿನಿಂದ ಬಂದ ಕ್ರಮ, ನಾಸ್ತಿಕನ ಮಗುವಿಗೆ ಜ್ಞಾನಸ್ನಾನ ಎಲ್ಲಿಂದ ಬರಬೇಕು ಎಂದು ಗದ್ದಲ ಎಬ್ಬಿಸಿದರು. ಜನ ಅವರ ಹಿಂದೆ ನಿಂತಿತು. ಹೃಷೀಕೇಶ ಮುಂದೆ ಬಂದು, ಮಗುವನ್ನು ತಾಯಿಯ ಪಕ್ಕದಲ್ಲಿ ಇಡಿ ಎಂದು ಬೇಡಿಕೊಂಡ.

"ಮಣ್ಣೆಲ್ಲ ಒಂದೇ ಅಲ್ವಾ?" ಎಂದರು ಅಲೆಕ್ಸಾಂಡರ್.

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಮಾವನ ಮುಖವನ್ನು ತುಂಬ ಹೊತ್ತು ನೋಡಿ, ಪುಟ್ಟ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಗೋಡೆಯಾಚೆ ನಡೆದ. ಗೆದ್ದೆ ಎಂದುಕೊಂಡರು ಅಲೆಕ್ಸಾಂಡರ್. ಗೆದ್ದವರಿಗೆ ಬರಬೇಕಾದ ನಿದ್ದೆ ಮಾತ್ರ ಅವರಿಗೆ ಬರಲಿಲ್ಲ.

ಆಮೇಲೆ ಅವನು ಆಗಾಗ ಬಸ್ಸು ಹತ್ತಿ ಬಂದು ದಿಬ್ಬದ ಪಕ್ಕ ಕೂರುತ್ತಿದ್ದ. ಮಗುವನ್ನು ಜೇಮ್ಸ್ ಎಂದು ಕರೆಯುತ್ತಾನೆ ಎಂದು ಯಾರೋ ಬಂದು ಹೇಳಿದರು. ಅಲೆಕ್ಸಾಂಡರರ ಮೈಯೆಲ್ಲ ಉರಿಯಿತು. ಜೇಮ್ಸ್ ಅವರ ತೀರಿಹೋದ ಅಪ್ಪನ ಹೆಸರು. ಅಂಥ ಹೆಸರು ಬರುವುದು ಜ್ಞಾನಸ್ನಾನದ ನೀರಿನ ಜೊತೆಗೆ. ನಾಸ್ತಿಕ ನಮ್ಮ ಮನೆತನವನ್ನೇ ಗೇಲಿ ಮಾಡುತ್ತಿದ್ದಾನೆ ಎಂದುಕೊಂಡರು. ಗೋಡೆ ಸೊಟ್ಟಗಾದದ್ದು ಈ ಸಿಟ್ಟಿನಿಂದ.

ಕೊನೆಯ ಕಲ್ಲು ಕೂತ ಮಧ್ಯಾಹ್ನ ಹೃಷೀಕೇಶ ಬಂದ. ದಿಬ್ಬದ ಹತ್ತಿರ ಸರಕ್ಕನೆ ತಿರುಗಿಕೊಂಡಿದ್ದ ಗೋಡೆಯನ್ನು ಉದ್ದಕ್ಕೂ ನೋಡಿದ.

"ಕೆಲಸ ಮುಗಿಯಿತಾ?"

"ಮುಗಿಯಿತು. ಇನ್ನು ನಿನ್ನ ಮಗ ಒಳಗೆ ಬರುವ ಮಾತೇ ಇಲ್ಲ." ಅಲೆಕ್ಸಾಂಡರ್ ನಾಲ್ಕು ವರ್ಷದಿಂದ ಕಾದಿಟ್ಟ ಪ್ರಶ್ನೆಯನ್ನೂ ಕೇಳಿಯೇಬಿಟ್ಟರು. "ಸತ್ತ ಮೇಲೆ ಎಂತದೂ ಇಲ್ಲ ಎನ್ನುವವ ನೀನು. ಮತ್ತೆ ಇಲ್ಲಿಗೆ ಬರುವುದು ಯಾಕೆ?"

"ಸತ್ತವನಿಗೆ ಎಂತದೂ ಇಲ್ಲ. ಉಳಿದವನಿಗೆ ಉಂಟು."

ಭುಜಂಗ ಕೈ ತೊಳೆಯಲು ಬಾವಿಯ ಕಡೆ ಹೋದ. ಹೃಷೀಕೇಶ ಒಂದು ಹೆಜ್ಜೆ ಹತ್ತಿರ ಬಂದ.

"ಒಂದು ಸಂಶಯ ಉಂಟು ಮಾವ. ಮಗು ಸಾಯುವ ಹಾಗಿದೆ, ಫಾದರ್ ಇಲ್ಲ. ಆಗ ಜ್ಞಾನಸ್ನಾನ ಯಾರು ಕೊಡಬಹುದು?"

ಅಲೆಕ್ಸಾಂಡರ್ ಎಷ್ಟೋ ವರ್ಷ ಭಾನುವಾರದ ಧರ್ಮಪಾಠ ಹೇಳಿಕೊಟ್ಟವರು. ಹಿಲ್ಡಾಳಿಗೂ ಅವರೇ ಕಲಿಸಿದ್ದು. ನಾಸ್ತಿಕನೊಬ್ಬ ತನ್ನಲ್ಲಿ ಧರ್ಮ ಕೇಳುವಂತಾಯಿತಲ್ಲ ಎಂಬ ಹುಮ್ಮಸ್ಸಿನಲ್ಲಿ ಉತ್ತರ ತಾನಾಗಿ ಬಂತು.

"ಯಾರು ಬೇಕಾದರೂ ಕೊಡಬಹುದು. ತಲೆಗೆ ನೀರು ಹೊಯ್ದು, ಹೇಳಬೇಕಾದ ಮಾತು ಸರಿಯಾಗಿ ಹೇಳಿದರೆ ಸಾಕು. ಕೊಡುವವ ಕ್ರೈಸ್ತನೇ ಆಗಬೇಕೆಂದಿಲ್ಲ. ದೇವರನ್ನು ನಂಬದವನಾದರೂ..."

ಅಲೆಕ್ಸಾಂಡರರ ಕಣ್ಣು ಗೋಡೆಯಾಚೆಯ ದಿಬ್ಬದ ಕಡೆ ಹೊರಳಿತು.

"ಹಿಲ್ಡಾಳೂ ಹಾಗೆಯೇ ಹೇಳಿದಳು," ಎಂದ ಹೃಷೀಕೇಶ. "ನೀವು ಬರಲಿಲ್ಲ. ಅವಳು ಒಂದೊಂದೇ ಮಾತು ಹೇಳಿಕೊಟ್ಟಳು, ಜೇಮ್ಸ್ ಎಂದು ಹೆಸರಿಟ್ಟು ನೀರು ನಾನು ಹೊಯ್ದೆ. ಅವತ್ತು ಗುಂಡಿಯ ಹತ್ತಿರ ಹೇಳಲು ಹೋಗಿ ನುಂಗಿಕೊಂಡೆ. ಈ ಗೋಡೆಯೂ ನಿಮ್ಮ ಕೈಯಿಂದಲೇ ಮುಗಿಯಲಿ ಎಂದು ಕಾದಿದ್ದೆ."