ಹಿಂದಿನ ಎರಡು ಗಾಲಿ

ಕೊಟ್ಟಿಗೆಯೊಳಗೆ ಕಾರು ನಾಲ್ಕು ಸಲ ಕೆಮ್ಮಿ, ಐದನೆಯ ಸಲ ಹೊತ್ತಿಕೊಂಡಿತು. ಬದುವಿನ ಮೇಲೆ ನಿಂತಿದ್ದ ಸಿದ್ದಮಲ್ಲಪ್ಪನ ಮುಖ ಕಪ್ಪಿಟ್ಟಿತು. ತಮ್ಮನ ಹೆಂಡತಿ ಶಿವರತ್ನಮ್ಮ ಏನೋ ಮಸಲತ್ತು ನಡೆಸಿದ್ದಾಳೆ ಎಂಬ ಅನುಮಾನ ತಿಂಗಳಿಂದ ಇತ್ತು. ಈಗ ಹೊಗೆಯೂ ಕಂಡಿತು.

ತಮ್ಮ ಗುರುಪಾದಸ್ವಾಮಿ ತೀರಿಕೊಂಡು ಐದು ವರ್ಷ. ಅವನು ಕೊಳ್ಳೇಗಾಲದ ರೇಷ್ಮೆ ಸಾಹುಕಾರರಿಂದ ಅಗ್ಗಕ್ಕೆ ತಂದಿದ್ದ ಬೇಬಿ ಕಾರು ಅಂದಿನಿಂದ ಕಾಮಗೆರೆಯ ತೋಟದಲ್ಲಿ, ಬಾವಿ ಪಕ್ಕದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂರುತ್ತಿತ್ತು. ಅರವತ್ತೆರಡನೆಯ ಇಸವಿಯ ಬೇಸಗೆ ಬರುವವರೆಗೆ ಅದರ ನೆನಪು ಯಾರಿಗೂ ಇರಲಿಲ್ಲ.

ಸಿದ್ದಮಲ್ಲಪ್ಪನಿಗೆ ಬೇಕಿದ್ದುದು ಕಾರಲ್ಲ, ತಮ್ಮನ ಪಾಲಿನ ಎರಡೆಕರೆ ಹಿಪ್ಪುನೇರಳೆ ತೋಟ. ಬಾವಿಯಲ್ಲಿ ನೀರಿಗೇನೂ ಕೊರತೆ ಇರಲಿಲ್ಲ. ಆದರೆ ನೀರು ಮೇಲೆ ಬರಬೇಕಾದರೆ ಎತ್ತು ಕಟ್ಟಿ ಕಪಿಲೆ ಹೊಡೆಯಬೇಕು. ಹೆಂಗಸು ನೊಗ ಮುಟ್ಟಬಾರದು ಎಂಬುದು ಊರಿನ ಕಟ್ಟುಪಾಡು. ಗಂಡಾಳುಗಳಿಗೆ ಸಿದ್ದಮಲ್ಲಪ್ಪ ಒಂದೇ ಮಾತು ಹೇಳಿದ್ದ: "ಅವಳ ಕಪಿಲೆ ವಡದೋರು ನನ್ನ ಗದ್ದೆ ಕಡೀಕೆ ಬರಬ್ಯಾಡಿ." ಯಾರೂ ಅವಳ ಕಡೆ ಸುಳಿಯಲಿಲ್ಲ.

ಯುಗಾದಿಯೊಳಗೆ ತೋಟ ಒಣಗಿದರೆ ಅದು ಭಾವನ ವಶವಾಗಲಿ, ಅವಳಿಗೆ ಅವನು ಹೊಟ್ಟೆಬಟ್ಟೆಗೆ ಕೊಡಲಿ ಎಂದು ಹಿರಿಯರು ಜಗಲಿಯ ಮೇಲೆ ಕೂತು ತೀರ್ಮಾನಿಸಿದರು. ಬಲು ದೊಡ್ಡ ಮನಸ್ಸಿನ ಹಿರಿಯರು! ಶಿವರತ್ನಮ್ಮ ಬೆಳಗಿನಿಂದ ಬೈಗಿನವರೆಗೆ ಕೊಡ ಹೊತ್ತಳು. ಎರಡೆಕರೆಗೆ ಒಂದು ಸೊಂಟ ಸಾಲದು. ಎಲೆಗಳು ಹಳದಿಗೆ ತಿರುಗಿದವು.

ಅವಳು ಅಳುತ್ತ ಕೂರಲಿಲ್ಲ. ಕಿವಿಯ ಓಲೆ ಮಾರಿ, ಕೊಳ್ಳೇಗಾಲದಿಂದ ನಂಜಯ್ಯ ಎಂಬ ಮುದಿ ಮೆಕ್ಯಾನಿಕ್ಕನ್ನು ಕರೆತಂದಳು. ಆ ದುಡ್ಡಿನಲ್ಲೇ ಎಲ್ಲ ಮುಗಿಯಬೇಕು. ರೇಡಿಯೇಟರಿನ ತೂತಿಗೆ ಅರಿಶಿನದ ಪುಡಿ ಸುರಿದರು. ರಟ್ಟು ಕತ್ತರಿಸಿ ಗ್ಯಾಸ್ಕೆಟ್ ಮಾಡಿದರು. ಪಿಸ್ಟನ್ ರಿಂಗು ಗುಜರಿಯಿಂದ ಬಂತು. ಒಂದು ದಿನ ಗೋಣಿ ಸುತ್ತಿದ ಭಾರದ ಪೆಟ್ಟಿಗೆಯೂ ಬಂತು. ಗೇರ್ ಬಾಕ್ಸ್ ಇರಬೇಕು ಅಂದುಕೊಂಡ ಸಿದ್ದಮಲ್ಲಪ್ಪ. ಕಾರಿನ ಸಾಮಾನಿನಲ್ಲಿ ಅವನಿಗೆ ಗೊತ್ತಿದ್ದುದು ಅದೊಂದೇ ಹೆಸರು. ಒಡೆದ ದೀಪದ ಗೋಜಿಗೆ ಯಾರೂ ಹೋಗಲಿಲ್ಲ. ಕೋಳಿಯನ್ನೂ ಎಬ್ಬಿಸಲಿಲ್ಲ.

"ಸೀಮೆಣ್ಣೇಲಿ ಎಷ್ಟೊತ್ತು ಓಡ್ತದೆ ನಂಜಯ್ಯ?" ಎಂದು ಅವಳು ಕೇಳಿದ್ದು ಬದುವಿನವರೆಗೆ ಕೇಳಿಸಿತು. ಸಿದ್ದಮಲ್ಲಪ್ಪ ಮೀಸೆಯಲ್ಲೇ ನಕ್ಕ. ಎಷ್ಟು ಮೈಲಿ ಎಂದು ಕೇಳಲೂ ಬಾರದವಳು ಕಾರು ಇಡುತ್ತಾಳಂತೆ!

ಹನೂರಿಗೂ ಕೊಳ್ಳೇಗಾಲಕ್ಕೂ ಟ್ಯಾಕ್ಸಿ ಬಿಡುತ್ತಾಳೆ ಎಂದು ಊರೆಲ್ಲ ಆಡಿಕೊಂಡಿತು. ಅಲ್ಲಿಗೆ ಅವನ ನಗು ಇಂಗಿತು. ಟ್ಯಾಕ್ಸಿ ಓಡಿದರೆ ಕೈಗೆ ಕಾಸು. ಕಾಸಿದ್ದರೆ ಮಾರ್ಟಳ್ಳಿ ಕಡೆಯಿಂದ ಆಳು ತರಿಸುತ್ತಾಳೆ. ಆಳು ಬಂದರೆ ಕಪಿಲೆ ನಡೆಯುತ್ತದೆ, ತೋಟ ಕೈತಪ್ಪುತ್ತದೆ.

ಯುಗಾದಿಗೆ ಎಂಟು ದಿನವಿದ್ದಾಗ ಕೊಟ್ಟಿಗೆಯ ಬಾಗಿಲಿಗೇ ಬಂದು ನಿಂತ.

"ಏನಮ್ಮಿ, ತ್ವಾಟ ಬುಟ್ಟು ಕಾರಲ್ಲಿ ಮೆರಿಯಾಕೊಂಟಿಯಾ?"

"ತ್ವಾಟ ಉಳಿಸ್ಕಳಕ್ಕೇ ಬಾವ ಈ ಕಾರು." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ನಿಂತಳು.

"ಎಣ್ಣೆಂಗ್ಸು ಇದ್ನೆಲ್ಲ ಮುಟ್ಬೌದಾ?"

"ನೊಗ ಮುಟ್ಬ್ಯಾಡ ಅಂದ್ರಿ, ಮುಟ್ನಿಲ್ಲ. ಕಾರಿನ ಇಚಾರ ಇರೀಕರು ಏನೂ ಏಳಿಲ್ಲ."

ಹಿಂಬದಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ್ದ ಕಾರಿನಡಿಯಿಂದ ನಂಜಯ್ಯನ ತಲೆ ಹೊರಬಂತು. "ಇಂಜಿನ್ ಆಯ್ತು ಕಣವ್ವ. ಇನ್ನು ಈ ಇಂದ್ಲ ಗಾಲಿಗಳದ್ದೇ ತರಲೆ. ನಟ್ಟು ತುಕ್ಕಿಡ್ದು ಕುಂತವೆ, ನನ್ನ ಕೈಲಿ ಅಲ್ಲಾಡ್ತಾ ಇಲ್ಲ. ಗಟ್ಟಿ ಆಳು ಇಬ್ರು ಬೇಕು."

"ನಮ್ಮ ತ್ವಾಟಕ್ಕೆ ಆಳು ಯಾರು ಬತ್ತಾರೆ ಬುಡು ನಂಜಯ್ಯ," ಎಂದು ಶಿವರತ್ನಮ್ಮ ಭಾವನ ಮುಖವನ್ನೇ ನೋಡಿದಳು.

ಆ ನೋಟ ಅವನನ್ನು ಚುಚ್ಚಿತು. ಜೊತೆಗೆ ಒಂದು ಉಪಾಯವನ್ನೂ ಕೊಟ್ಟಿತು. ಗಾಲಿಯಿಲ್ಲದ ಕಾರು ಎಲ್ಲಿಗೆ ಹೋದೀತು?

ಮರುದಿನ ಅವರಿಬ್ಬರೂ ಸೀಮೆಎಣ್ಣೆ ತರಲು ಕೊಳ್ಳೇಗಾಲಕ್ಕೆ ಹೋದರು. ಬಸ್ಸು ತಿರುವು ದಾಟುವುದನ್ನೇ ಕಾದಿದ್ದ ಸಿದ್ದಮಲ್ಲಪ್ಪ ಇಬ್ಬರು ಆಳುಗಳೊಂದಿಗೆ ಕೊಟ್ಟಿಗೆ ಹೊಕ್ಕ. ನಟ್ಟುಗಳು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟರು, ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಜಗ್ಗಿದರು. ಕೆಳಗೆ ಬಿದ್ದ ಚೊಂಬನ್ನು ಬಗ್ಗಿ ಎತ್ತಿಕೊಳ್ಳದ ಯಜಮಾನ ಕೋಳಿ ಹಿಕ್ಕೆಯ ಮೇಲೆ ಮಂಡಿಯೂರಿ ಬೆವರು ಸುರಿಸಿದ. ಅಂಗೈ ಕಿತ್ತುಬಂತು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಎರಡೂ ಗಾಲಿ ಕಳಚಿ ಅವನ ಮನೆಯ ಅಟ್ಟ ಸೇರಿದವು.

ಮಾರನೆಯ ಬೆಳಗ್ಗೆ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ಇಂಜಿನ್ನಿನ ಸದ್ದು ಕೇಳಿಸಿತು. ಲೋಟ ಖಾಲಿಯಾದರೂ ಸದ್ದು ನಿಲ್ಲಲಿಲ್ಲ, ಇದ್ದ ಜಾಗದಿಂದ ಕದಲಲೂ ಇಲ್ಲ. ತಮಾಷೆ ನೋಡಿಕೊಂಡು ಬರೋಣ ಎಂದು ಚಪ್ಪಲಿ ಮೆಟ್ಟಿ ಹೊರಟ.

ತೋಟದ ಬದು ದಾಟುವಾಗ ಕಾಲು ಹೂತುಹೋಯಿತು. ಬಗ್ಗಿ ನೋಡಿದ. ಕೆಸರು. ಹಿಪ್ಪುನೇರಳೆಯ ಸಾಲುಸಾಲಿನಲ್ಲೂ ನೀರು ಹರಿಯುತ್ತಿತ್ತು.

ಕೊಟ್ಟಿಗೆಯಲ್ಲಿ ಕಾರು ಕಲ್ಲಿನ ಮೇಲೆ ಕೂತೇ ಓಡುತ್ತಿತ್ತು. ಎಡಗಡೆ ಗಾಲಿಯಿದ್ದ ಜಾಗವನ್ನು ತಿರುಗದಂತೆ ಸರಪಳಿಯಿಂದ ಬಿಗಿದಿದ್ದರು; ಬಲಗಡೆ ಗಾಲಿಯಿದ್ದ ಜಾಗದಲ್ಲಿ ಕಬ್ಬಿಣದ ರಾಟೆ ಗಿರ್ರನೆ ತಿರುಗುತ್ತಿತ್ತು. ಅದಕ್ಕೆ ಹಾಕಿದ ಗಿರಣಿ ಬೆಲ್ಟು ಗೋಡೆಯ ಕಂಡಿಯಿಂದ ಆಚೆ ಹೋಗಿ, ಬಾವಿಯ ಬಾಯಲ್ಲಿದ್ದ ಪಂಪನ್ನು ತಿರುಗಿಸುತ್ತಿತ್ತು. ಗೋಣಿ ಸುತ್ತಿ ಬಂದಿದ್ದ ಪೆಟ್ಟಿಗೆ ಪಕ್ಕದಲ್ಲೇ ಖಾಲಿ ಬಿದ್ದಿತ್ತು.

ಶಿವರತ್ನಮ್ಮ ಗುದ್ದಲಿ ಊರಿ ನಿಂತು ಭಾವನ ಅಂಗೈಗೆ ಕಟ್ಟಿದ್ದ ಬಟ್ಟೆಪಟ್ಟಿಯನ್ನು ನೋಡಿದಳು.

"ಗಾಲಿ ಬಿಚ್ಚಕ್ಕೆ ಆಳಿಲ್ಲ ಅಂತ ಕೆಲ್ಸ ನಿಂತೋಗಿತ್ತು ಬಾವ, ನೀವೇ ಬಂದು ಬಿಚ್ಚಿಕೊಟ್ರಿ."