ಕುತ್ತಿಗೆಯಿಂದ ಮೇಲೆ

ಮೇಜಿನ ಬಟ್ಟೆಯ ಕೆಳಗೆ ಕಂಡ ಬೂಟುಗಳಿಂದಲೇ ಕೋರಾಲಿಗೆ ಗೊತ್ತಾಯಿತು, ಬಂದವನು ಅಪ್ಪ ಎಂದು. ಉಕ್ಕಿನ ಕಾರ್ಖಾನೆಯ ಬೂಟು. ಎಡಗಾಲಿನದಕ್ಕೆ ಮಾತ್ರ ಎರಡೆರಡು ಗಂಟು. ಬೆಲ್ಜಿಯಂನ ಲಿಯೇಜ್ ಪುಸ್ತಕಮೇಳದಲ್ಲಿ, ತನ್ನ ಪುಸ್ತಕ ಕೊಂಡು ಸಾಲಿನಲ್ಲಿ ಬರುವ ಓದುಗರನ್ನೆಲ್ಲ ಬೆಳಗಿನಿಂದ ಕೇಳುತ್ತಿದ್ದುದನ್ನೇ ತಲೆ ಎತ್ತದೆ ಅವನನ್ನೂ ಕೇಳಿದಳು.

"ಯಾರ ಚಿತ್ರ ಬರೆದುಕೊಡ್ಲಿ?"

"ಅಪ್ಪಂದು," ಅಂದ ಅವನು, ಅವಳ ಚಿತ್ರಕಾದಂಬರಿಯ ಖಾಲಿ ಮೊದಲ ಪುಟ ತೆರೆದಿಡುತ್ತ. "ಮುಖ ಇರೋದು."

ಪುಸ್ತಕದಲ್ಲಿ ಅಪ್ಪನಿಗೆ ಮುಖವಿಲ್ಲ. ಪುಟ್ಟ ಹುಡುಗಿಯ ಕಣ್ಣಿಗೆ ನಿಲುಕಿದಷ್ಟೇ ಅವನು: ಬೂಟು, ಬೆಲ್ಟು, ಬೆಲ್ಟಿನ ಮೇಲಿಟ್ಟ ಕೈ. ಕುತ್ತಿಗೆ ಬರುವ ಮೊದಲೇ ಚೌಕಟ್ಟು ಮುಗಿಯುತ್ತದೆ. ಅವನ ದಪ್ಪ ಕಪ್ಪಕ್ಷರದ ಮಾತುಗಳು ಅಮ್ಮನ ಮಾತಿನ ಸಣ್ಣ ಗುಳ್ಳೆಯನ್ನು ಮೂಲೆಗೆ ಒತ್ತುತ್ತವೆ. ಅವನು ಮನೆಯೊಳಗೆ ಬಂದ ಪುಟದಿಂದ ಚೌಕಗಳೇ ಇಕ್ಕಟ್ಟಾಗುತ್ತ ಹೋಗುತ್ತವೆ.

"ಬೇಕರಿ ಜಿಲ್ಬೆರ್ತ್ ಇದ್ರಲ್ಲಿ ನನ್ನ ಗುರುತು ಹಿಡಿದ್ಬಿಟ್ಲು. ಬರೀ ಬೆಲ್ಟ್ ನೋಡಿ! ಈಗ ಚಿಲ್ಲರೆ ನನ್ನ ಕೈಗೆ ಕೊಡಲ್ಲ, ಕಟ್ಟೆ ಮೇಲೆ ಇಡ್ತಾಳೆ," ಅಂದ ಅಪ್ಪ.

"ನಾನೇನು ಸುಳ್ಳು ಬರೆದಿದೀನಾ?"

"ಸುಳ್ಳು ಅಂದ್ನಾ? ಹೊಡೆದದ್ದು ಹೊಡೆದದ್ದೇ. ಆದ್ರೆ ಮುಖ ಅಂತ ಒಂದಿತ್ತಲ್ಲ ಮಗಳೇ ನಂಗೆ. ಬರೆದುಕೊಡು. ಮಗಳೇ ಬರೆದುಕೊಟ್ಲು ಅಂತ ಅವಳಿಗೆ ತೋರಿಸ್ತೀನಿ."

"ಏನಜ್ಜಾ," ಹಿಂದೆ ನಿಂತಿದ್ದ ಗಡ್ಡದವನು ತಾಳ್ಮೆಗೆಟ್ಟು ಕೂಗಿದ, "ಇಡೀ ವಂಶದ ಚಿತ್ರ ಬರೆಸ್ತಿದೀರಾ? ಅವರ ಕೈಯ ಚಿತ್ರಕ್ಕೆ ಒಳ್ಳೆ ಬೆಲೆ ಬರುತ್ತೆ ಅಂತ ಆಮೇಲೆ ಮಾರೋಕಿಡೋರಲ್ಲ ತಾನೆ?"

"ಈ ಮುಖಾನ ಯಾರು ಕೊಳ್ತಾರಯ್ಯಾ!" ಅಪ್ಪ ನಕ್ಕ. ಸಾಲೂ ನಕ್ಕಿತು.

ಕೋರಾಲಿ ಈಗ ತಲೆ ಎತ್ತಿದಳು. ಆ ಬೂಟಿನ ಲೇಸನ್ನು ಕಣ್ಣು ಮುಚ್ಚಿಯೂ ಬರೆಯಬಲ್ಲಳು; ಮುಖವನ್ನು ಮಾತ್ರ ನೋಡಿ ನೋಡಿ ಬರೆಯಬೇಕಾಯಿತು. ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆಯಿತ್ತು, ಯಾವಾಗಿನದೋ. ಮೂಗು ಅವಳದೇ. ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ ಬರೆದಳು. ಬರೆದು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದಳು.

ಅಪ್ಪ ಕನ್ನಡಕ ಹಾಕಿಕೊಂಡು ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಡ್ಡದವನು ಅವನ ಹೆಗಲ ಮೇಲಿಂದ ಬಗ್ಗಿದ.

"ಇದ್ಯಾರು ಮೇಡಂ? ಪುಸ್ತಕದಲ್ಲಿ ಈ ಮನುಷ್ಯ ಎಲ್ಲೂ ಇಲ್ವಲ್ಲ?"

"ಇಲ್ಲ," ಅಂದಳು ಕೋರಾಲಿ, ಕುಂಚ ತೊಳೆಯುತ್ತ. "ಇವರು ಆ ಮನೇಲಿ ಇರ್ಲಿಲ್ಲ."

ಮಸಿ ಆರುವವರೆಗೆ ಎಲ್ಲರೂ ಪುಸ್ತಕವನ್ನು ತೆರೆದೇ ಹಿಡಿದು, ಊದುತ್ತ ಹೋಗುತ್ತಿದ್ದರು. ಅಪ್ಪ ತನ್ನದನ್ನು, ಮಸಿ ಇನ್ನೂ ಹಸಿಯಿರುವಾಗಲೇ, ಎರಡೂ ಕೈಯಿಂದ ಗಟ್ಟಿಯಾಗಿ ಮುಚ್ಚಿ ಕಂಕುಳಲ್ಲಿಟ್ಟುಕೊಂಡ.